ಮಂಡ್ಯ ಬೆಲ್ಲ: ಪೊಟ್ಟಣದ ಮೇಲಿನ ಇಂಗ್ಲಿಷನ್ನು ಎಷ್ಟು ನಂಬಬಹುದು?

ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗಿನ ಹಳೇ ಹೆದ್ದಾರಿಯ ಅಂಗಡಿಗಳಲ್ಲೂ ಮೈಸೂರಿನ ಸಂತೆಪೇಟೆಯಲ್ಲೂ ಬೆಲ್ಲ ಈಗ ಎರಡು ವೇಷದಲ್ಲಿ ಸಿಗುತ್ತದೆ. ಒಂದು, ಗೋಣಿಯ ಮೇಲೆ ಬಿಚ್ಚಿಟ್ಟ ಅಚ್ಚು ಮತ್ತು ಉಂಡೆ. ತಕ್ಕಡಿಗೆ ಹಾಕಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಇನ್ನೊಂದು, ಜಿಪ್ ಇರುವ ಚೆಂದದ ಪೊಟ್ಟಣ. ಅದರ ಮೇಲೆ ಕನ್ನಡ ಕಡಿಮೆ, ಇಂಗ್ಲಿಷ್ ಜಾಸ್ತಿ: ಜಾಗರಿ, ಲಿಕ್ವಿಡ್ ಜಾಗರಿ, ಕೇನ್ ಸಿರಪ್, ಮೊಲಾಸಿಸ್, ಬ್ರೌನ್ ಶುಗರ್. ಕೆಲವದರ ಮೇಲೆ ದಪ್ಪಕ್ಷರದಲ್ಲಿ ‘ನೋ ಶುಗರ್, ಓನ್ಲಿ ಜಾಗರಿ’ ಎಂದೂ ಇರುತ್ತದೆ. ಈ ವಿಮರ್ಶೆ ಎರಡನೆಯ ವೇಷದ ಬೆಲ್ಲದ್ದು. ಒಳಗಿನ ಮಾಲು, ಹೊರಗಿನ ಪದ ಎರಡಕ್ಕೂ ಬೇರೆ ಬೇರೆ ಅಂಕ ಕೊಟ್ಟಿದ್ದೇವೆ. ಕಂಪನಿಗಳ ಹೆಸರು ಹೇಳುತ್ತಿಲ್ಲ. ಒಂದೇ ತಪ್ಪನ್ನು ಹಲವರು ಮಾಡುತ್ತಿರುವಾಗ ಒಬ್ಬರನ್ನು ಹಿಡಿದು ನಿಲ್ಲಿಸುವುದು ನ್ಯಾಯವಲ್ಲ.

ಮೊದಲು ಆ ‘ನೋ ಶುಗರ್’ ವಿಚಾರ ಮುಗಿಸೋಣ. ಇದು ರಸಾಯನಶಾಸ್ತ್ರದ ಪ್ರಕಾರ ಸುಳ್ಳು, ನಿಘಂಟಿನ ಪ್ರಕಾರವೂ ಸುಳ್ಳು. ಶುಗರ್, ಜಾಗರಿ ಎರಡೂ ಒಂದೇ ತಾಯಿಯ ಮಕ್ಕಳು. ತಾಯಿ ಸಂಸ್ಕೃತದ ಶರ್ಕರಾ. ಅದರ ಮೊದಲ ಅರ್ಥ ನೊರಜುಗಲ್ಲು, ಸಣ್ಣ ಹರಳು. ಕಬ್ಬಿನ ರಸ ಬತ್ತಿಸಿದಾಗ ಬಂದ ಹರಳಿಗೂ ಅದೇ ಹೆಸರು ಅಂಟಿತು. ಪ್ರಾಕೃತಕ್ಕೆ ಬರುವ ಹೊತ್ತಿಗೆ ನಡುವಿನ ರಕಾರ ಕರಗಿ ಸಕ್ಕರ ಆಯಿತು, ಪಾಳಿಯಲ್ಲಿ ಸಕ್ಖರಾ. ನಮ್ಮ ಸಕ್ಕರೆ ಬಂದದ್ದು ಇದೇ ದಾರಿಯಲ್ಲಿ. ಹೈಸ್ಕೂಲಿನ ತತ್ಸಮ–ತದ್ಭವ ಪಟ್ಟಿಯಲ್ಲಿ ‘ಶರ್ಕರೆ–ಸಕ್ಕರೆ’ ಕಾಯಂ ಗಿರಾಕಿ, ಯಾರೂ ಮರೆತಿರಲಿಕ್ಕಿಲ್ಲ.

ಪಶ್ಚಿಮಕ್ಕೆ ಹೊರಟ ಮಗ ಪಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್ ಆದ. ಅರಬರು ಕಬ್ಬಿನ ಬೇಸಾಯವನ್ನೂ ಪದವನ್ನೂ ಒಟ್ಟಿಗೆ ಸಿಸಿಲಿ, ಸ್ಪೇನುಗಳವರೆಗೆ ಒಯ್ದರು. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳ ‘ಅಸೂಕರ್’ ಪದದ ಮೊದಲಿಗೆ ಒಂದು ‘ಅ’ ನಿಂತಿದೆಯಲ್ಲ, ಅದು ಅರಬಿಯ ‘ಅಲ್’ ಎಂಬ ಉಪಪದದ ಉಳಿಕೆ. ಮಧ್ಯಕಾಲದ ಲ್ಯಾಟಿನ್ನಿನಲ್ಲಿ ಸುಕ್ಕಾರುಮ್, ಫ್ರೆಂಚಿನಲ್ಲಿ ಸುಕ್ರ. ಅಲ್ಲಿಂದ 13ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ. ದಾರಿಯಲ್ಲಿ ಕಕಾರ ಗಕಾರವಾಯಿತು. ಫ್ರೆಂಚಿನ ಫ್ಲಾಕಾನ್ ಇಂಗ್ಲಿಷಿನಲ್ಲಿ ಫ್ಲ್ಯಾಗನ್ ಆದದ್ದೂ ಹೀಗೆಯೇ.

ಇಲ್ಲೊಂದು ಗುಂಡಿ ಇದೆ, ಬೀಳುವವರು ಬಹಳ. ‘ಶರ್ಕರಾದ ಶಕಾರ ಇಂಗ್ಲಿಷಿನ ಶುಗರ್‌ನಲ್ಲಿ ಹಾಗೇ ಉಳಿದಿದೆ ನೋಡಿ’ ಎಂದು ಹೆಮ್ಮೆಪಡುವ ಮೆಸೇಜುಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಉಳಿದಿಲ್ಲ. ಅರಬಿ, ಲ್ಯಾಟಿನ್, ಫ್ರೆಂಚ್ ಮೂರರಲ್ಲೂ ಅದು ಬರೀ ಸಕಾರ. ಇಂಗ್ಲಿಷಿಗೆ ಬಂದ ಮೇಲೆ ‘ಸ್ಯೂಗರ್’ ಎಂಬಂಥ ಉಚ್ಚಾರ ಹುಟ್ಟಿ, ಸ್ ಮತ್ತು ಯ್ ಕೂಡಿ ಶ್ ಆಯಿತು. ‘ಶ್ಯೂರ್’ ಎಂಬ ಪದಕ್ಕೆ ಆದದ್ದೂ ಅದೇ. ಹಾಗಾಗಿಯೇ ಬರೆಯುವಾಗ ಎಸ್, ಹೇಳುವಾಗ ಶ್. ತಾಯಿಯ ಶಕಾರ ಕಳೆದು ಶತಮಾನಗಳಾದ ಮೇಲೆ ಬೇರೆ ಕಾರಣಕ್ಕೆ ಹುಟ್ಟಿದ ಶಕಾರ ಇದು.

ಇನ್ನೊಂದು ಕವಲು ಗ್ರೀಕಿಗೆ ಬೇರೆಯಾಗಿಯೇ ಹೋಗಿ ಸಾಕ್ಖರೊನ್ ಆಯಿತು. 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಅದನ್ನು ಬಣ್ಣಿಸಿದ್ದು, ಭಾರತದ ಕಡೆಯ ಜೊಂಡಿನಲ್ಲಿ ಸಿಗುವ, ಉಪ್ಪಿನ ಹಾಗೆ ಹರಳಾಗಿರುವ, ಹಲ್ಲಿಗೆ ಸಿಕ್ಕರೆ ಪುಡಿಯಾಗುವ ಒಂದು ಬಗೆಯ ಗಟ್ಟಿ ಜೇನು ಎಂದು. ಶರ್ಕರಾ ಎಂದರೆ ನೊರಜು ಎಂಬ ಮೂಲಾರ್ಥ ಅವನ ಹಲ್ಲಿಗೆ ಸಿಕ್ಕಿತ್ತು! ಆ ಗ್ರೀಕ್ ರೂಪದಿಂದಲೇ ಕಬ್ಬಿನ ಸಸ್ಯಶಾಸ್ತ್ರೀಯ ಹೆಸರಿನ ‘ಸ್ಯಾಕರಮ್’ (ಲಿನೇಯಸ್, 1753), ಅದರಿಂದಲೇ 1879ರಲ್ಲಿ ಕಂಡುಹಿಡಿದ ಸ್ಯಾಕರಿನ್. ನಿಜವಾಗಿಯೂ ಸಕ್ಕರೆಯೇ ಇಲ್ಲದ ಮಾಲಿಗೆ ಶರ್ಕರಾದ ಹೆಸರು, ಶೇಕಡಾ 90 ಸಕ್ಕರೆ ಇರುವ ಮಾಲಿಗೆ ‘ನೋ ಶುಗರ್’ ಚೀಟಿ.

ಈಗ ಜಾಗರಿ. ಇದು ಮನೆ ಬಿಟ್ಟು ಬಹಳ ದೂರ ಹೋಗದ ಮಗಳು. ಪೋರ್ಚುಗೀಸರು ಕೋಳಿಕ್ಕೋಡಿನ ಕಡೆ ಬಂದದ್ದು 1498ರಲ್ಲಿ. ಮಲಬಾರಿನಲ್ಲಿ ಅವರ ಕಿವಿಗೆ ಬಿದ್ದದ್ದು ಮಲಯಾಳದ ‘ಚಕ್ಕರ’. ಅದು ಅವರ ಬಾಯಲ್ಲಿ ಜಾಗರ, ಜಾಗ್ರ ಆಗಿ, 16ನೇ ಶತಮಾನದ ಕೊನೆಗೆ ಇಂಗ್ಲಿಷ್ ಬರಹಗಳಿಗೆ ಬಂತು. ಊರಿನಲ್ಲಿ ‘ಅಸೂಕರ್’ ಎನ್ನುತ್ತಿದ್ದ ಅದೇ ಜನ ಇಲ್ಲಿ ಅದರ ತಂಗಿಯನ್ನು ಗುರುತು ಹಿಡಿಯದೆ ಹೊಸ ಪದವೆಂದು ಹೊತ್ತುಕೊಂಡು ಹೋದರು. ಆಂಗ್ಲೋ–ಇಂಡಿಯನ್ ಪದಗಳ ನಿಘಂಟು ‘ಹಾಬ್ಸನ್–ಜಾಬ್ಸನ್’ 1886ರಲ್ಲೇ ಜಾಗರಿಯನ್ನು ಶುಗರ್‌ನ ಇನ್ನೊಂದು ರೂಪ ಎಂದು ಗುರುತಿಸಿದೆ. ಮೂಲ ಕನ್ನಡದ ಶರ್ಕರೆ ಎನ್ನುವ ನಿಘಂಟುಗಳೂ ಇವೆ. ನಮ್ಮ ಅಭಿಪ್ರಾಯದಲ್ಲಿ ಮಲಯಾಳದ ಕಡೆಗೇ ತೂಕ ಹೆಚ್ಚು. ಚಕಾರ ಜಕಾರವಾಗುವುದು ಸುಲಭ, ನಮ್ಮ ಶಕಾರದಿಂದ ಅಲ್ಲಿಗೆ ಜಿಗಿಯುವುದು ಕಷ್ಟ. ಮಂಡ್ಯದ ಅಭಿಮಾನ ಏನೇ ಇರಲಿ, ಪದದ ವಿಷಯದಲ್ಲಿ ಕೇರಳಕ್ಕೆ ಬಿಟ್ಟುಕೊಡಬೇಕು.

ಕೊಳ್ಳುವವರಿಗೆ ಇದರಿಂದ ಒಂದು ಉಪಯೋಗ ಇದೆ. ಮಲಬಾರಿನಲ್ಲಿ ಅವರು ಕಂಡ ಚಕ್ಕರ ಹೆಚ್ಚಾಗಿ ಕಬ್ಬಿನದ್ದಲ್ಲ, ತಾಳೆ ಜಾತಿಯ ಮರಗಳ ರಸದ್ದು. ಇಂಗ್ಲಿಷಿನಲ್ಲಿ ಜಾಗರಿ ಬಹುಕಾಲ ಮರದ ಬೆಲ್ಲದ ಪದವಾಗಿಯೇ ಇತ್ತು. ನಮ್ಮ ಬೈನೆ ಮರಕ್ಕೆ ಇಂಗ್ಲಿಷರು ಇಟ್ಟ ಹೆಸರುಗಳಲ್ಲಿ ‘ಜಾಗರಿ ಪಾಮ್’ ಒಂದು. ಆದ್ದರಿಂದ ಬರೀ ‘ಜಾಗರಿ’ ಎಂದು ಬರೆದ ಪೊಟ್ಟಣ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಹಿಂಬದಿಯ ಪದಾರ್ಥಗಳ ಸಾಲಿನಲ್ಲಿ ಕಬ್ಬೋ ತಾಳೆಯೋ ಎಂದು ನೋಡಿಕೊಳ್ಳಿ. ಆನ್‌ಲೈನಿನಲ್ಲಿ ತರಿಸುವವರು ಇದನ್ನು ನೋಡದೆ ಮರದ ಬೆಲ್ಲ ತರಿಸಿಕೊಂಡು, ಹೋಳಿಗೆಗೆ ಹೊಗೆವಾಸನೆ ಬಂತು ಎಂದು ಒಂದು ಸ್ಟಾರ್ ಕೊಡುತ್ತಾರೆ. ಮಾಲಿನ ತಪ್ಪಲ್ಲ ಅದು.

ಬೆಲ್ಲ ಎಂಬ ಪದಕ್ಕೂ ಈ ಕುಟುಂಬಕ್ಕೂ ಸಂಬಂಧವಿಲ್ಲ. ಅದು ದ್ರಾವಿಡದ್ದೇ: ತಮಿಳು, ಮಲಯಾಳದಲ್ಲಿ ವೆಲ್ಲಂ, ತೆಲುಗಿನಲ್ಲಿ ಬೆಲ್ಲಂ. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’ ಆದ ನಿಯಮದಿಂದಲೇ ವೆಲ್ಲಂ ಬೆಲ್ಲ ಆಗಿದೆ. ಇಂಗ್ಲಿಷ್ ಇದನ್ನು ತೆಗೆದುಕೊಳ್ಳಲೇ ಇಲ್ಲ. ಕೆಲವು ಹೊಸ ಪೊಟ್ಟಣಗಳು ‘ಬೆಲ್ಲ’ ಎಂದೇ ದೊಡ್ಡದಾಗಿ ಬರೆದು ಕೆಳಗೆ ಸಣ್ಣದಾಗಿ ‘ಕೇನ್ ಜಾಗರಿ’ ಎಂದು ಹಾಕುತ್ತಿವೆ. ಲೇಬಲ್ಲಿಗೆ ಐದಕ್ಕೆ ಐದು.

ಇನ್ನು ಅಂಶಗಳ ಲೆಕ್ಕ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಬೆಲ್ಲ ಎನಿಸಿಕೊಳ್ಳಬೇಕಾದರೆ ಒಟ್ಟು ಸಕ್ಕರೆ ಅಂಶ ಶೇ. 90ಕ್ಕೆ, ಅದರೊಳಗೆ ಸುಕ್ರೋಸ್ ಶೇ. 60ಕ್ಕೆ ಕಡಿಮೆ ಇರಬಾರದು. ಬೂದಿ ಅಂಶ ಶೇ. 6 ಮೀರಬಾರದು, ಗಟ್ಟಿ ಬೆಲ್ಲದಲ್ಲಿ ತೇವ ಶೇ. 10 ಮೀರಬಾರದು. ಸುಕ್ರೋಸ್ ಎಂಬ ಪದವೂ ಫ್ರೆಂಚಿನ ಸುಕ್ರದಿಂದ 1857ರಲ್ಲಿ ಕಟ್ಟಿದ್ದು. ಎಂದರೆ ‘ಶುಗರ್ ಇಲ್ಲ’ ಎನ್ನುವ ಬೆಲ್ಲ ಕಾನೂನಿನ ಪ್ರಕಾರ ಬೆಲ್ಲವೇ ಅಲ್ಲ. ಅವರು ಹೇಳಬೇಕೆಂದಿರುವುದು ‘ಕಾಯಿಸುವಾಗ ಬಿಳಿ ಸಕ್ಕರೆ ಬೆರೆಸಿಲ್ಲ’ ಎಂದು. ಕಬ್ಬಿನ ಬೆಲೆ ಏರಿ ಸಕ್ಕರೆ ಅಗ್ಗವಾದಾಗ ಕೊಪ್ಪರಿಗೆಗೆ ಸಕ್ಕರೆ ಸುರಿಯುವ ದಂಧೆ ಇರುವುದು ಈ ಭಾಗದವರಿಗೆ ಗೊತ್ತಿರುವ ಸಂಗತಿಯೇ, ಆದ್ದರಿಂದ ಆ ಭರವಸೆಗೆ ಬೆಲೆ ಇದೆ. ಹಾಗಿದ್ದರೆ ಹಾಗೇ ಬರೆಯಲಿ. ಈಗಿನ ಮಾತನ್ನು ನಂಬಿ ಮಧುಮೇಹದವರು ಕಾಫಿಗೆ ಎರಡು ಚಮಚ ಹಾಕಿಕೊಂಡರೆ ರಕ್ತದಲ್ಲಿ ಏರುವುದು ಸಕ್ಕರೆಯೇ. ಈ ಲೇಬಲ್ಲಿಗೆ ಸೊನ್ನೆ.

ಪೊಟ್ಟಣಗಳಲ್ಲಿ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ಬಾಟಲಿಯ ಜೋನಿ ಬೆಲ್ಲ. ಗಟ್ಟಿ ಬೆಲ್ಲಕ್ಕೆ ಪಾಕವನ್ನು 116ರಿಂದ 118 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ ಇಳಿಸುತ್ತಾರೆ, ಜೋನಿಗೆ 105–106ಕ್ಕೇ ಒಲೆಯಿಂದ ಕೆಳಗೆ. ಹರಳುಗಟ್ಟದಿರಲಿ ಎಂದು ಕಿಲೋಗೆ 400 ಮಿಲಿಗ್ರಾಂನಷ್ಟು ಸಿಟ್ರಿಕ್ ಆಮ್ಲ ಹಾಕುವುದು ರೂಢಿ. ಅದು ಸುಕ್ರೋಸಿನ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆಮೇಲೆ 8–10 ದಿನ ಕದಲಿಸದೆ ಇಟ್ಟು, ಮಡ್ಡಿ ತಳಕ್ಕಿಳಿದ ಮೇಲೆ ಮೇಲಿನದನ್ನು ಬಸಿದು ತುಂಬಬೇಕು. ಈ ಕಾಯುವ ಕೆಲಸ ತಪ್ಪಿಸಿದವರ ಬಾಟಲಿ ನೋಡಿದರೆ ತಿಳಿಯುತ್ತದೆ: ತಳದಲ್ಲಿ ಬೆರಳಗಲ ಕೆಸರು. ತಳದಲ್ಲಿ ಬಿಳಿ ಹರಳು ಕಂಡರೆ ಮಾತ್ರ ಗಾಬರಿ ಬೇಡ, ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ದೋಸೆಗೆ, ಚಪಾತಿಗೆ, ಪಾನಕಕ್ಕೆ ಇದಕ್ಕಿಂತ ಸಲೀಸಾದದ್ದಿಲ್ಲ. ಚಿಕ್ಕಿಗೆ ಮಾತ್ರ ಬೇಡ. ಒಡೆದ ಸಕ್ಕರೆ ಜಾಸ್ತಿ ಇರುವುದರಿಂದ ಎಷ್ಟು ಕಾಯಿಸಿದರೂ ಮರುದಿನಕ್ಕೆ ಜಿಗುಟಾಗುತ್ತದೆ. ಮಾಲಿಗೆ ಐದಕ್ಕೆ ನಾಲ್ಕೂವರೆ.

ಇದರ ಲೇಬಲ್ಲುಗಳದ್ದು ಬೇರೆಯೇ ಕತೆ. ‘ಲಿಕ್ವಿಡ್ ಜಾಗರಿ’ ಎಂದರೆ ಸರಿ. ‘ಕೇನ್ ಸಿರಪ್’ ಎಂದರೂ ಒಪ್ಪಬಹುದು. ಸಿರಪ್ ಬಂದದ್ದು ಕುಡಿಯುವಂಥದ್ದು ಎಂಬ ಅರ್ಥದ ಅರಬಿಯ ಶರಾಬ್ ಪದದಿಂದ, ನಮ್ಮ ಶರಬತ್ತು, ಶರಾಬು ಎರಡೂ ಅದರ ಬಳಗವೇ. ಆದರೆ ಕೆಲವರು ಇದೇ ಜೋನಿ ಬೆಲ್ಲದ ಬಾಟಲಿಗೆ ‘ಮೊಲಾಸಿಸ್’ ಎಂದು ಅಂಟಿಸುತ್ತಾರೆ. ಪದ ನೋಡಿದರೆ ಮೊಲಾಸಿಸ್ ಸಕ್ಕರೆಯ ಬಳಗವೇ ಅಲ್ಲ. ಲ್ಯಾಟಿನ್ನಿನಲ್ಲಿ ಜೇನಿಗೆ ಮೆಲ್, ಅದರಿಂದ ಪೋರ್ಚುಗೀಸಿನ ಮೆಲಾಸೊ, ಅದರಿಂದ ಇಂಗ್ಲಿಷಿನ ಮೊಲಾಸಿಸ್. ಹೆಸರಿನಲ್ಲಿ ಜೇನಿದ್ದರೂ ವಸ್ತು ಕಾಕಂಬಿ: ಕಾರ್ಖಾನೆಯಲ್ಲಿ ಸಕ್ಕರೆ ಹರಳನ್ನೆಲ್ಲ ತೆಗೆದ ಮೇಲೆ ಉಳಿಯುವ ಕಪ್ಪು ಗಸಿ. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಯ ಊರಿನಲ್ಲಿ ಕಾಕಂಬಿಯ ವಾಸನೆ ಗೊತ್ತಿಲ್ಲದವರುಂಟೆ? ಅದು ಡಿಸ್ಟಿಲರಿಗೆ ಹೋಗುವ ಮಾಲು. ಜೋನಿ ಬೆಲ್ಲದಲ್ಲಿ ಏನನ್ನೂ ತೆಗೆದಿರುವುದಿಲ್ಲ, ನೀರು, ಮಡ್ಡಿ ಬಿಟ್ಟು. ಒಳ್ಳೆಯ ಮಾಲಿಗೆ ತಾವೇ ಕೆಟ್ಟ ಹೆಸರಿಟ್ಟುಕೊಂಡ ಹಾಗಾಯಿತು. ಮಾಲಿಗೆ ಕೊಟ್ಟ ಅಂಕ ಹಾಗೇ ಇರಲಿ, ಲೇಬಲ್ಲಿಗೆ ಒಂದು.

ಪುಡಿ ಬೆಲ್ಲ ಮಾಡುವುದು ನಾಜೂಕಿನ ಕೆಲಸ. ಪಾಕ 120 ಡಿಗ್ರಿ ದಾಟಬೇಕು, ಇಳಿಸಿ ಆರುವಾಗ ಬಿಡದೆ ಕೆದಕಬೇಕು, ಜರಡಿ ಹಿಡಿದು ತೇವ ಶೇ. 1–2ಕ್ಕೆ ಬರುವವರೆಗೆ ಒಣಗಿಸಬೇಕು. ಒಣಗಿಸುವುದರಲ್ಲಿ ಅವಸರ ಮಾಡಿದ ಪುಡಿ ಪೊಟ್ಟಣದಲ್ಲೇ ಹೆಂಟೆಗಟ್ಟುತ್ತದೆ. ಅಂಗಡಿಯಲ್ಲಿ ಪೊಟ್ಟಣ ಅಲ್ಲಾಡಿಸಿ ನೋಡಿ, ಮೂಲೆಯಿಂದ ಮೂಲೆಗೆ ಮರಳಿನ ಹಾಗೆ ಹರಿಯಬೇಕು. ಇದನ್ನು ‘ಬ್ರೌನ್ ಶುಗರ್’ ಎಂದು ಮಾರುವವರಿದ್ದಾರೆ. ಬ್ರೌನ್ ಶುಗರ್ ಎಂದು ಬೇಕರಿಯವರು ಕೊಳ್ಳುವುದು ಹೆಚ್ಚಾಗಿ ಕಾರ್ಖಾನೆ ಸಕ್ಕರೆಗೆ ಕಾಕಂಬಿ ಲೇಪಿಸಿದ್ದು. ಅದು ನೀರಿನಲ್ಲಿ ತಿಳಿಯಾಗಿ ಕರಗುತ್ತದೆ. ಬೆಲ್ಲದ ಪುಡಿ ನೀರನ್ನು ಮಬ್ಬು ಮಾಡಿ ತಳದಲ್ಲಿ ಒಂದಿಷ್ಟು ಗಸಿ ಬಿಡುತ್ತದೆ. ಮಾಲಿಗೆ ಮೂರೂವರೆ, ಲೇಬಲ್ಲಿಗೆ ಎರಡು.

ಇದೇ ಕಪಾಟಿನಲ್ಲಿ ‘ಶುಗರ್ ಕ್ಯಾಂಡಿ’ ಎಂದು ಕಲ್ಲುಸಕ್ಕರೆ ಇಟ್ಟಿರುತ್ತಾರೆ. ಬೆಲ್ಲ ಅಲ್ಲದಿದ್ದರೂ ಅದರ ಲೇಬಲ್ಲಿಗೆ ಒಂದು ಮಾತು ಸಲ್ಲಬೇಕು. ಕ್ಯಾಂಡಿ ಸಂಸ್ಕೃತದ ಖಂಡ, ಎಂದರೆ ತುಂಡು. ಪಾರಸಿಯ ಕಂದ್, ಅರಬಿಯ ಕಂದಿ, ಫ್ರೆಂಚಿನ ಕಾಂದಿ ಹಾದು 14ನೇ ಶತಮಾನದ ಕೊನೆಗೆ ಇಂಗ್ಲಿಷ್ ಸೇರಿತು. ಶುಗರ್ ಕ್ಯಾಂಡಿ ಎಂದರೆ ಎರಡು ಪದವೂ ನಮ್ಮಲ್ಲಿಂದ ಹೋಗಿ ವಾಪಸ್ ಬಂದವು. ಒಳಗಿರುವುದೂ ಸಕ್ಕರೆಯ ತುಂಡೇ, ಹೆಸರು ಕರಾರುವಾಕ್ಕು.

ಇನ್ನು ಅಚ್ಚು ಬೆಲ್ಲ. ಮಂಡ್ಯ ಎಪಿಎಂಸಿಯ ಧಾರಣೆಯಲ್ಲಿ ಅಚ್ಚು, ಕುರಿಕಟ್ಟು, ಬಾಕ್ಸ್, ಬಕೆಟ್ ಎಂದು ಬೇರೆ ಬೇರೆ ಬೆಲೆ ಕೂಗುತ್ತಾರೆ. ಪೊಟ್ಟಣಕ್ಕೆ ಬಂದ ಕೂಡಲೇ ಎಲ್ಲವೂ ‘ಪ್ರೀಮಿಯಂ ಜಾಗರಿ’. ಇದು ನಷ್ಟ. ರೈತ ಯಾವ ತಳಿ ಹಾಕಿದ್ದ, ಯಾವಾಗ ಕಡಿದ, ಆಲೆಮನೆಯವನು ಏನು ಬೆರೆಸಿದ ಎಂಬುದರ ಮೇಲೆ ಮಾಲು ನಿಂತಿದೆ, ಲೇಬಲ್ಲು ಅದೊಂದನ್ನೂ ಹೇಳುವುದಿಲ್ಲ.

ಆಲೆಮನೆಯಲ್ಲಿ ತಪ್ಪುವುದು ಎಲ್ಲಿ ಎಂದರೆ, ಮೊದಲನೆಯದು ಕಬ್ಬು ಕಡಿದು ಅರೆಯುವ ನಡುವಿನ ಹೊತ್ತು. ಒಂದು ದಿನ ಮೀರಿದರೆ ಸುಕ್ರೋಸ್ ಒಡೆಯಲು ಶುರು, ಆ ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮಳೆಗಾಲದಲ್ಲಿ ನೀರೊಡೆಯುತ್ತದೆ. ಒಂದು ಟನ್ ಕಬ್ಬಿಗೆ ನೂರು ಕಿಲೋ ಸುಮಾರು ಬೆಲ್ಲ ಬರಬೇಕು. ಒಣಗಿದ ಕಬ್ಬಿನಲ್ಲಿ ಅಷ್ಟು ಬರುವುದಿಲ್ಲ, ಬಂದದ್ದೂ ಮೆತ್ತಗೆ. ಎರಡನೆಯದು ಸುಣ್ಣ. ಹಸಿ ರಸದ ಪಿಎಚ್ 5.2ರ ಆಸುಪಾಸು, ಸುಣ್ಣದ ತಿಳಿ ಹಾಕಿ ಅದನ್ನು 6ರ ಮೇಲಕ್ಕೆ ತಂದರೆ ಮಡ್ಡಿ ಚೆನ್ನಾಗಿ ಬಿಡುತ್ತದೆ. ಕೈ ಜಾರಿ ಹೆಚ್ಚು ಬಿದ್ದರೆ ಬೆಲ್ಲ ಕಪ್ಪಾಗಿ ನಾಲಿಗೆಗೆ ಒಗರು. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ಎತ್ತುವುದು ನಿಧಾನದ ದಾರಿ, ಆದರೆ ರುಚಿ ಕೆಡದು. ಮೂರನೆಯದು, ಎಲ್ಲರೂ ಬೈಯುವ ಹೈಡ್ರೋಸ್ ಪುಡಿ. ಇದು ಬಣ್ಣ ಇಳಿಸಿ ಹೊಂಬಣ್ಣ ಕೊಡುತ್ತದೆ, ಗಂಧಕದ ಅಂಶ ಬಿಟ್ಟುಹೋಗುತ್ತದೆ. ಆ ಹೊಂಬಣ್ಣ ಶಾಶ್ವತವೂ ಅಲ್ಲ. ಕೆಲವು ವಾರಗಳಲ್ಲಿ ಹೊರಮೈ ಮತ್ತೆ ಮಂಕಾಗುತ್ತದೆ. ಮನೆಗೆ ತಂದ ಹಳದಿ ಅಚ್ಚಿನ ಅಂಚು ಕಪ್ಪಾಗಿ ನಡು ಹಳದಿಯಾಗಿ ಉಳಿದಿದ್ದರೆ ಅನುಮಾನ ಪಡಿ.

ಬಣ್ಣ ನೋಡಿ ಕೊಳ್ಳುವ ಚಾಳಿ ಗಿರಾಕಿಗಳದ್ದೂ ಹೌದು. ಬಿಳಿಯ ಸಕ್ಕರೆಯೇ ಶ್ರೇಷ್ಠ ಎಂದು ಒಂದು ಕಾಲಕ್ಕೆ ಕಲಿತು, ಬೆಲ್ಲವೂ ಅದರ ಹಾಗೆ ಬೆಳ್ಳಗಿರಲಿ ಎಂದು ಕೇಳಿದ್ದು ನಾವೇ. ಈಗ ಗಾಳಿ ತಿರುಗಿದೆ. ಕಪ್ಪು ಬೆಲ್ಲಕ್ಕೆ ‘ಆರ್ಗ್ಯಾನಿಕ್’ ಎಂದು ಹೆಚ್ಚು ಬೆಲೆ ಸಿಗುವುದು ಗೊತ್ತಾದ ಮೇಲೆ, ಸುಣ್ಣ ಹೆಚ್ಚಾಗಿ ಅಥವಾ ತಳ ಹಿಡಿದು ಕಪ್ಪಾದದ್ದೂ ಅದೇ ಹೆಸರಿನಲ್ಲಿ ಹೊರಡುತ್ತಿದೆ. ಆದ್ದರಿಂದ ಬಣ್ಣ ಬಿಡಿ, ಮುರಿದು ನೋಡಿ. ಒಳ್ಳೆಯ ಅಚ್ಚು ಅಂಚಿನಲ್ಲಿ ಒತ್ತಿದರೆ ಒಡೆಯಬೇಕು, ಒಡೆದ ಮೈ ನುಣ್ಣನೆಯ ಮರಳಿನಂತಿರಬೇಕು. ಚೂರು ನಾಲಿಗೆ ಮೇಲಿಟ್ಟರೆ ಮೊದಲು ಸಿಹಿ, ಕೊನೆಗೆ ಬಹಳ ತೆಳುವಾದ ಉಪ್ಪು. ಉಪ್ಪು ಮುಂದೆ ಬಂದರೆ ಕಬ್ಬಿನ ಗದ್ದೆ ಸವುಳು ಅಥವಾ ಬೆಲ್ಲ ಹಳತು. ಒಂದು ಲೋಟ ನೀರಿನಲ್ಲಿ ಕರಗಿಸಿದಾಗ ಬಿಳಿ ಹಿಟ್ಟು ತಳಕ್ಕೆ ಕೂತರೆ ಸೀಮೆಸುಣ್ಣದ ಪುಡಿ ಬೆರೆತಿರಬಹುದು. ಈ ಪರೀಕ್ಷೆಯನ್ನು ಗೋಣಿಯ ಮೇಲಿನ ಬೆಲ್ಲಕ್ಕೆ ಅಲ್ಲೇ ನಿಂತು ಅರ್ಧವಾದರೂ ಮಾಡಬಹುದು, ಒಂದು ಚೂರು ಮುರಿದು ಕೊಡಿ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಜಿಪ್ ಪೊಟ್ಟಣಕ್ಕೆ ಆ ಅವಕಾಶ ಇಲ್ಲ, ಓದುವುದೊಂದೇ ದಾರಿ. ಅಚ್ಚಿನ ಪೊಟ್ಟಣಕ್ಕೆ ಐದಕ್ಕೆ ಮೂರು, ಗೋಣಿಯ ಅಚ್ಚಿಗೆ ನಾಲ್ಕು.

ಪೊಟ್ಟಣ ಗೆಲ್ಲುವುದು ಶುಚಿಯಲ್ಲಿ ಮತ್ತು ಮಳೆಗಾಲದಲ್ಲಿ. ಬೆಲ್ಲದಲ್ಲಿರುವ ಒಡೆದ ಸಕ್ಕರೆ, ಖನಿಜ ಲವಣ ಎರಡೂ ಗಾಳಿಯ ತೇವ ಎಳೆಯುತ್ತವೆ, ಗೋಣಿಯ ಬೆಲ್ಲ ಆಷಾಢದಲ್ಲಿ ಜಿನುಗುವುದು ಅದಕ್ಕೇ. ಮಳೆಗಾಲಕ್ಕೆ ಮುಂಚೆ ಕೊಂಡು ಗಾಳಿಯಾಡದ ಸ್ಟೀಲ್ ಡಬ್ಬಿಗೆ ತುಂಬಿ, ಒದ್ದೆ ಚಮಚ ತಾಗಿಸದಿದ್ದರೆ ಗೌರಿ ಹಬ್ಬದವರೆಗೆ ಚಿಂತೆಯಿಲ್ಲ. ಪೊಟ್ಟಣವಾದರೆ ತೆಗೆದ ಮೇಲೆ ಜಿಪ್ಪನ್ನು ನಂಬದೆ ಅದನ್ನೂ ಡಬ್ಬಿಗೇ ಸುರಿಯಿರಿ.

‘ಈ ಬೆಲ್ಲ ಹಾಕಿದರೆ ಹಾಲು ಒಡೆಯಿತು, ನಕಲಿ ಮಾಲು’ ಎಂಬ ದೂರು ಆನ್‌ಲೈನ್ ವಿಮರ್ಶೆಗಳಲ್ಲಿ ಪದೇ ಪದೇ ಕಾಣುತ್ತದೆ. ಅದು ನಕಲಿಯ ಗುರುತಲ್ಲ. ಬೆಲ್ಲ ಸ್ವಲ್ಪ ಹುಳಿ ಗುಣದ್ದು, ಜೊತೆಗೆ ಲವಣಗಳಿವೆ. ಕುದಿಯುವ ಹಾಲಿಗೆ ಬಿದ್ದರೆ ಒಡೆಯುವುದು ಸಹಜ. ಬೆಲ್ಲವನ್ನು ಬೇರೆಯಾಗಿ ನೀರಲ್ಲಿ ಕರಗಿಸಿ, ಸೋಸಿ, ಆರಿಸಿಟ್ಟುಕೊಂಡು, ಪಾಯಸ ಒಲೆಯಿಂದ ಇಳಿಸಿ ಕೈ ತಾಗಿಸುವಷ್ಟು ಆರಿದ ಮೇಲೆ ಬೆರೆಸಿ. ಮತ್ತೆ ಕುದಿಸಬೇಡಿ.